ಬಂದೂಕು ಹಿಂದಿರುಗಿಸಿದ ಗುರಿಕಾರ

ನಾನು ಚಿಕ್ಕವಳಿದ್ದಾಗ, ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿದ್ದಾಗ, ನಾವು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿದ್ದೆವು. ಅಪ್ಪ ಅಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳು ಒಮ್ಮೆ ಆಗಲ್ಲ ಎಂದರೆ ಮುಗಿಯಿತು, ಅಪ್ಪನಿಗೂ ಅವಳನ್ನು ಅಲುಗಿಸಲು ಆಗುತ್ತಿರಲಿಲ್ಲ.

ಆ ಊರಿನ ರೇಷ್ಮೆ ಗಿರಣಿಯಲ್ಲಿ ಅದಕ್ಕೂ ನೂರೈವತ್ತು ವರ್ಷ ಹಿಂದೆ ಒಬ್ಬ ನೇಕಾರನಿದ್ದ. ಕೆಲಸವಿಲ್ಲದೆ ಅಮೆರಿಕಕ್ಕೆ ಹೋದ. ಅಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಗುಲಾಮಗಿರಿಯ ಕಾರಣಕ್ಕೆ ಒಂದೇ ದೇಶದವರು ಎರಡಾಗಿ ಕಾದಾಡುತ್ತಿದ್ದರು. ಗುಲಾಮರ ಬಿಡುಗಡೆಯ ಕಡೆ ನಿಂತ ಈ ನೇಕಾರ ಗುರಿಕಾರರ ತುಕಡಿಗೆ ಸೇರಿದ. ದೂರದ ಗುರಿಗೆ ತಪ್ಪದೆ ಹೊಡೆದವರಿಗಷ್ಟೇ ಅಲ್ಲಿ ಹಸಿರು ಕೋಟು ಸಿಗುತ್ತಿತ್ತು. ಯುದ್ಧ ಮುಗಿದ ಮೇಲೆ ಅವನು ಊರಿಗೆ ಮರಳಿದ. ಊರಿನವರು ಅವನ ಹೆಸರಲ್ಲಿ ಲೈಬ್ರರಿಯ ಗೋಡೆಗೆ ಫಲಕ ಹಾಕಲು ಹೊರಟಿದ್ದರು. ಆ ಸಮಾರಂಭದಲ್ಲಿ ಅವನ ಬಗ್ಗೆ ಓದಲು ಶಾಲೆಯಿಂದ ಅಕ್ಕನನ್ನು ಆರಿಸಿದ್ದರು.

ಅಕ್ಕ ಅಮೆರಿಕದ ಒಂದು ಸಣ್ಣ ಲೈಬ್ರರಿಗೆ ಇಮೇಲ್ ಬರೆದಳು. ಮೂರು ವಾರವಾದ ಮೇಲೆ ಆ ತುಕಡಿಯ ಸೇವಾ ಚರಿತ್ರೆಯ ಹಾಳೆಗಳು ಬಂದವು. ತುಕಡಿಯಲ್ಲೇ ಇದ್ದ ಸೈನಿಕನೊಬ್ಬ ಬರೆದದ್ದು. ನಮ್ಮ ಪ್ರಿಂಟರ್ ಕಿರುಗುಟ್ಟುತ್ತ ಒಂದೊಂದೇ ಹಾಳೆ ಉಗುಳಿತು. ಬಿಸಿ ಕಾಗದದ ವಾಸನೆ ಅಡುಗೆಮನೆಯ ಒಗ್ಗರಣೆಯೊಂದಿಗೆ ಬೆರೆಯಿತು. ಯಾರು ಎಲ್ಲಿ ಸೇರಿದ, ಎಲ್ಲಿ ಗಾಯಗೊಂಡ, ಎಲ್ಲಿ ಸತ್ತ ಎಂದು ಒಬ್ಬೊಬ್ಬನಿಗೂ ಒಂದೆರಡು ಸಾಲು. ಗುಂಡಿಗಿಂತ ಜ್ವರಕ್ಕೆ ಸತ್ತವರೇ ಹೆಚ್ಚು ಎಂದು ಅಪ್ಪ ಬೆರಳಿಟ್ಟು ತೋರಿಸಿದರು.

ನಮ್ಮ ನೇಕಾರನಿಗೆ ಮಾತ್ರ ಒಂದು ಇಡೀ ಪುಟ. ಒಂದು ಮುಂಜಾನೆ ಅವನು ತನ್ನ ಬಂದೂಕಿನ ದುರ್ಬೀನಿನಲ್ಲಿ ನೋಡಿದಾಗ, ಹೊಳೆಯಲ್ಲಿ ನೀರು ತುಂಬಿಕೊಳ್ಳುತ್ತಿದ್ದ ಶತ್ರು ಸೈನಿಕನ ಮುಖ ಸ್ಪಷ್ಟವಾಗಿ ಕಂಡಿತಂತೆ. ಹೊಡೆದ. ಆ ಸಂಜೆ ಬಂದೂಕನ್ನು ನಾಯಕನ ಮುಂದಿಟ್ಟು, ಮುಖ ಕಾಣುವವನಿಗೆ ಇನ್ನು ಹೊಡೆಯಲಾರೆ ಎಂದ. ಜೊತೆಯವರು ಹೇಡಿ ಎಂದರು. ಮುಂದಿನ ಕಾಳಗದಿಂದ ಯುದ್ಧ ಮುಗಿಯುವವರೆಗೂ ಅವನು ಬರಿಗೈಯಲ್ಲಿ ಗುಂಡಿನ ಮಳೆಯೊಳಗೆ ಹೋಗಿ ಗಾಯಾಳುಗಳನ್ನು ಹೊತ್ತು ತಂದ.

ಫಲಕದ ಸಮಿತಿಯ ಹಿರಿಯರೊಬ್ಬರಿಗೆ ಈ ಪುಟ ಹಿಡಿಸಲಿಲ್ಲ, ವೀರನ ಹೆಸರಿಗೆ ಅದು ಕುಂದು ಎಂದರು. ಅದೊಂದನ್ನು ಬಿಟ್ಟು ಓದು, ಇದು ನಮ್ಮ ಊರಿನ ವಿಷಯ, ನಿನಗೆ ತಿಳಿಯುವುದಿಲ್ಲ ಎಂದು ನಗುತ್ತಲೇ ಹೇಳಿದರು. ಅಪ್ಪನೂ ಹೋಗಲಿ ಬಿಡು ಎಂದರು. ಬಂದು ನಾಲ್ಕೇ ವರ್ಷ, ಊರಿನವರ ಕಣ್ಣಿಗೆ ಬೀಳುವುದು ಬೇಡ ಎಂಬುದು ಅವರ ಅಂಜಿಕೆ.

"ಸ್ಕಿಪ್ ಮಾಡಲ್ಲ ಅಪ್ಪ," ಎಂದಳು ಅಕ್ಕ. "ನಾನೂ ಇದೇ ಊರಲ್ಲಿ ಇರೋದು."

ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಒದ್ದೆ ಕೋಟುಗಳ, ಚಹಾದ, ಮೇಣ ಹಚ್ಚಿದ ನೆಲದ ವಾಸನೆ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದ ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು, ನಾನು ಅವರ ಪಕ್ಕದಲ್ಲಿ. ಅಕ್ಕ ಓದುತ್ತ ಹೊಳೆಯ ಆ ಪುಟಕ್ಕೆ ಬಂದಳು. ಸಮಿತಿಯ ಆ ಹಿರಿಯರು ಎದ್ದು, ಸಮಯ ಮುಗಿಯಿತೆಂದು ಮೈಕ್ ಆರಿಸಿಬಿಟ್ಟರು. ಅಲ್ಲಲ್ಲಿ ಚಪ್ಪಾಳೆ ಶುರುವಾಯಿತು. ಅಕ್ಕ ಕೆಳಗಿಳಿಯಲಿಲ್ಲ.

ಆಗ ಅಪ್ಪ ಎದ್ದು ನಿಂತರು. ಅಂಗಡಿಯಲ್ಲಿ, ಬಸ್ಸಿನಲ್ಲಿ ದನಿ ತಗ್ಗಿಸಿಯೇ ಮಾತಾಡುತ್ತಿದ್ದ ನನ್ನ ಅಪ್ಪ, ಅಷ್ಟು ಜನರ ನಡುವೆ ಕನ್ನಡದಲ್ಲೇ ಹೇಳಿದರು: "ಓದಮ್ಮ. ಪೂರ್ತಿ ಓದು."

ಎಲ್ಲರೂ ತಿರುಗಿ ನೋಡಿದರು. ಅಪ್ಪ ಕೂರಲಿಲ್ಲ. ನಾನೂ ಎದ್ದು ಅವರ ಕೈ ಹಿಡಿದುಕೊಂಡೆ, ಅದು ಬೆವತಿತ್ತು. ಅಕ್ಕ ಮೈಕ್ ಇಲ್ಲದೆ ಕೊನೆಯ ಸಾಲಿನವರೆಗೂ ಓದಿದಳು. ಮೊದಲು ಎಳೆಯಷ್ಟಿದ್ದ ಅವಳ ದನಿ ಮುಗಿಯುವಷ್ಟರಲ್ಲಿ ಕಿಟಕಿಯ ಗಾಜಿಗೆ ತಾಗುತ್ತಿತ್ತು.

ಬಾಗಿಲ ಬಳಿ ವೃದ್ಧೆಯೊಬ್ಬರು ಅಕ್ಕನನ್ನು ತಡೆದರು. ಆ ನೇಕಾರನ ಮರಿಮಗಳಂತೆ. ಅವರ ಮನೆಯಲ್ಲಿ ಮಕ್ಕಳ ಆಟದ ಬಂದೂಕನ್ನೂ ಅವನು ಸೇರಿಸುತ್ತಿರಲಿಲ್ಲವಂತೆ, ಏಕೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಆ ಪುಟವನ್ನು ಅವರು ಅಕ್ಕನಿಂದ ಕೇಳಿ ಪಡೆದರು. ಫಲಕದ ಮೇಲೆ ಮಾತ್ರ 'ವೀರ ಗುರಿಕಾರ' ಎಂದಷ್ಟೇ ಉಳಿಯಿತು. ಸಮಿತಿಯ ಹಿರಿಯರು ಮತ್ತೆಂದೂ ನಮ್ಮನ್ನು ಮಾತಾಡಿಸಲಿಲ್ಲ. ಅಕ್ಕನಿಗೆ ಅದರಿಂದ ಏನೂ ಅನ್ನಿಸಲಿಲ್ಲ.

ಮಕ್ಕಳೇ, ನಿಮ್ಮ ಲೋಕ ಬೇರೆ. ನೀವು ಕೇಳಿ ಮುಗಿಸುವ ಮೊದಲೇ ಉತ್ತರ ಬಂದಿರುತ್ತದೆ. ನಮ್ಮ ಹೆಸರಿಗೆ ತಡವರಿಸುತ್ತಿದ್ದ ಹಾಗೆ ನಿಮ್ಮ ಹೆಸರು ಕರೆಯಲು ತರಗತಿಯಲ್ಲಿ ಯಾರೂ ತಡವರಿಸುವುದಿಲ್ಲ. ಆದರೆ ಇಷ್ಟನ್ನು ಬಿಟ್ಟು ಓದು ಎಂದು ನಯವಾಗಿ ಹೇಳುವವರು ಈಗಲೂ ಇದ್ದಾರೆ. ಮೊನ್ನೆ ನಿಮ್ಮಲ್ಲೊಬ್ಬಳು ಯಾರೋ ಹೇಳಿದರೆಂದು ತನ್ನ ಪ್ರಬಂಧದ ಕೊನೆಯನ್ನು ಅಳಿಸುತ್ತಿದ್ದಳು. ಬರೆದದ್ದು ನಿಜ ತಾನೇ ಎಂದು ಕೇಳಿದೆ. ಹೌದು ಅಜ್ಜಿ ಎಂದಳು.

ಹಾಗಾದರೆ ಅದು ಇರಲಿ, ಎಂದೆ.