ಬಹರೇನಿನ ದಿಬ್ಬ, ನಮ್ಮ ಒಗೆಯುವ ಕಲ್ಲು

ನಮ್ಮ ಮನೆಯ ಒಗೆಯುವ ಕಲ್ಲು ಬಾವಿಯಿಂದ ತುಂಬ ದೂರ. ಹಿತ್ತಿಲ ಕೊನೆಯ ಹಲಸಿನ ಮರದವರೆಗೆ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಮೊದಲು ಅದು ಬಾವಿಕಟ್ಟೆಯ ಪಕ್ಕದಲ್ಲೇ ಇತ್ತು. ಮದುವೆಯಾಗಿ ಒಂದೆರಡು ವರ್ಷಕ್ಕೆ ನನ್ನ ಗಂಡ ಅದನ್ನು ಉರುಳಿಸಿಕೊಂಡು ಹೋಗಿ ಅಲ್ಲಿ ಹಾಕಿದರು. ಕೇಳಿದರೆ, ಅಲ್ಲಿ ನೆರಳಿದೆ ಎಂದರು. ಆ ನೆರಳನ್ನು ನಾನು ಬೈಯದ ದಿನವಿಲ್ಲ.

ಹೋದ ವರ್ಷ ಮಗಳು ನಮ್ಮಿಬ್ಬರನ್ನೂ ಬಹರೇನಿಗೆ ಕರೆಸಿಕೊಂಡಳು. ಅವಳು ಅಲ್ಲಿ ನರ್ಸ್. ಪುಟ್ಟ ದ್ವೀಪದೇಶ; ನಮ್ಮೂರ ಹತ್ತಿರದ ಕೋಣಂದೂರಿನ ಸಂತೆಯಲ್ಲಿ ಸಿಗುವಷ್ಟು ಹಸಿರೂ ಕಣ್ಣಿಗೆ ಬೀಳಲಿಲ್ಲ. ರಜೆಯ ದಿನ ಹಳೆಯ ಕಾಲದ ಸಮಾಧಿ ತೋರಿಸುತ್ತೇನೆಂದು ಮ್ಯೂಸಿಯಂಗೆ ಕರೆದೊಯ್ದಳು. ಹೆಣ ಹೂತದ್ದನ್ನು ನೋಡಲು ವಿಮಾನ ಹತ್ತಿ ಬರಬೇಕಿತ್ತೇ ಎಂದು ಗೊಣಗುತ್ತಲೇ ಹೋದೆ.

ಒಳಗೆ ಒಂದು ಸಮಾಧಿ ದಿಬ್ಬವನ್ನು ಕಲ್ಲು ಕಲ್ಲಾಗಿ ತಂದು ಮತ್ತೆ ಜೋಡಿಸಿದ್ದರು. ನಾಲ್ಕು ಸಾವಿರ ವರ್ಷ ಹಳೆಯದಂತೆ. ಮೊಣಕಾಲು ಮಡಚಿ, ಕೈಯನ್ನು ಮುಖದ ಹತ್ತಿರ ಇಟ್ಟುಕೊಂಡು ಮಗ್ಗುಲಾಗಿ ಮಲಗಿದ್ದ ಎಲುಬುಗೂಡು. ಪಕ್ಕದಲ್ಲೊಂದು ಮಣ್ಣಿನ ಗಡಿಗೆ. ಆ ಜನ ಮಕ್ಕಳು ಸತ್ತರೆ ದೊಡ್ಡವರ ದಿಬ್ಬಕ್ಕೆ ತಾಗಿಸಿ ಪುಟ್ಟ ಗೋರಿ ಕಟ್ಟುತ್ತಿದ್ದರೆಂದು ಮಗಳು ಬೋರ್ಡ್ ಓದಿ ಹೇಳಿದಳು.

ನನಗೆ ಅಲ್ಲಿಂದ ಕಾಲೇಳಲಿಲ್ಲ. ಇವಳಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಹೆಸರಿಡುವ ಮೊದಲೇ ಹೋದ. ನಮ್ಮಲ್ಲಿ ಎಳೆಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಆ ಜಾಗವನ್ನು ತಾಯಿಗೆ ತೋರಿಸಿದರೆ ಮುಂದಿನ ಬಸಿರು ನಿಲ್ಲುವುದಿಲ್ಲವೆಂದು ನನ್ನ ಅತ್ತೆ ಇವರಿಂದ ಆಣೆ ಹಾಕಿಸಿಕೊಂಡಿದ್ದರು. ನಾನೂ ಕೇಳಲಿಲ್ಲ. ಆದರೆ ಅಂಗಳದಲ್ಲಿ, ಗದ್ದೆಯಂಚಿನಲ್ಲಿ, ಎಲ್ಲಿ ಕಾಲಿಟ್ಟರೂ ಇಲ್ಲೇ ಇರಬಹುದೇ ಎಂದು ಅಳುಕುತ್ತಲೇ ಬದುಕಿದೆ.

"ಇವ್ರಿಗೆ ತಮ್ಮ ಮಕ್ಳು ಎಲ್ಲಿದಾವೆ ಅಂತಾದ್ರೂ ಗೊತ್ತಿತ್ತು," ಎಂದೆ.

ನನ್ನ ಗಂಡ ಆ ಎಲುಬುಗೂಡಿನಿಂದ ನನ್ನ ಕಡೆಗೆ ತಿರುಗಿದರು.

"ನೀನು ದಿನಾ ಹೋಗೋ ಜಾಗವೇ ಮಾರಾಯ್ತಿ," ಎಂದರು. "ಒಗೆಯೋ ಕಲ್ಲಿನ ಹಿಂದೆ. ಜಾಗ ತೋರ್ಸಲ್ಲ ಅಂತ ಅಮ್ಮಂಗೆ ಆಣೆ ಹಾಕಿದ್ದೆ. ಕಲ್ಲು ತಂದು ಹಾಕಲ್ಲ ಅಂತ ಹಾಕಿರ್ಲಿಲ್ಲ."

ಅಷ್ಟು ಜನರ ನಡುವೆ ನಾನು ಇವರ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಮಗಳು ಗಾಬರಿಯಾಗಿ ನೀರು ತರಲು ಓಡಿದಳು.

ನಾವು ಊರಿಗೆ ಮರಳಿದ ಮೇಲೆ ಅವಳು ಫೋನಿನಲ್ಲಿ ವಾಷಿಂಗ್ ಮೆಷಿನ್ ಕೊಡಿಸುತ್ತೇನೆಂದಳು. ಬೇಡವೆಂದೆ. ಈಗಲೂ ಹಲಸಿನ ಮರದವರೆಗೆ ನೀರು ಹೊರುತ್ತೇನೆ, ಸೊಂಟ ಹಿಡಿದುಕೊಂಡು ಇವರನ್ನು ಬೈಯುತ್ತೇನೆ. ಬಟ್ಟೆಯನ್ನು ಮಾತ್ರ ಮೊದಲಿನ ಹಾಗೆ ಕಲ್ಲಿಗೆ ಬಡಿಯುವುದಿಲ್ಲ. ಸದ್ದಾಗದಂತೆ ಕೈಯಲ್ಲೇ ಉಜ್ಜಿ ಹಿಂಡುತ್ತೇನೆ.