ಪಾಸ್ ಓವರ್ ಇಂದುಶೇಖರ

ಇಂದುಶೇಖರ ವಕೀಲ. ದಿಲ್ಲಿಯ ಒಂದು ಜಿಲ್ಲಾ ಕೋರ್ಟಿನಲ್ಲಿ ಮೂರು ದಶಕದಿಂದ ಕರಿಕೋಟು ಹಾಕಿದವನು. ಇಷ್ಟು ಕಾಲದಲ್ಲಿ ಅವನು ಒಂದು ಕೇಸನ್ನಾದರೂ ಮೊದಲಿಂದ ಕೊನೆಯವರೆಗೆ ವಾದಿಸಿದ್ದನ್ನು ನಾನಂತೂ ಕಂಡಿಲ್ಲ. ವಾದಿಸುವುದು ಅವನ ಕೆಲಸವಾಗಿರಲಿಲ್ಲ. ವಾದ ಸ್ವಲ್ಪ ಹೊತ್ತು ನಿಲ್ಲುವಂತೆ ಮಾಡುವುದು ಅವನ ಕೆಲಸ.

ಕೋರ್ಟು ಕಚೇರಿ ಹತ್ತದ ಪುಣ್ಯವಂತರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ದೊಡ್ಡ ವಕೀಲನಿಗೆ ಒಂದೇ ಬೆಳಿಗ್ಗೆ ನಾಲ್ಕಾರು ಕೋಣೆಗಳಲ್ಲಿ ಕೇಸಿರುತ್ತದೆ, ಕಾಲು ಮಾತ್ರ ಎರಡೇ. ಅವನಿಲ್ಲದ ಕೋಣೆಯಲ್ಲಿ ಕೇಸು ಕೂಗಿದರೆ ಯಾರಾದರೂ ಎದ್ದು, “ವಕೀಲರು ಬರುತ್ತಿದ್ದಾರೆ, ಪಾಸ್ ಓವರ್ ಕೊಡಿ” ಅನ್ನಬೇಕು. ಅಂದರೆ ಈಗ ಬಿಡಿ, ಕೊನೆಯಲ್ಲಿ ಇನ್ನೊಮ್ಮೆ ಕೂಗಿ ಎಂದು. ಹಾಗೆ ಬದಲಿಗೆ ನಿಲ್ಲುವವನಿಗೆ ಪ್ರಾಕ್ಸಿ ಅನ್ನುತ್ತಾರೆ. ಕೇಸಿನ ಕಾಗದ ಅವನು ಓದಿರಬೇಕಿಲ್ಲ. ಕೈ ಮುಂದೆ ಕಟ್ಟಿಕೊಂಡು ತಲೆ ಸ್ವಲ್ಪ ತಗ್ಗಿಸಿ ನಿಲ್ಲಲು ಬಂದರೆ ಸಾಕು. ಇಂದುಶೇಖರನಿಗೆ ಅದು ಚೆನ್ನಾಗಿ ಬರುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಮನೆಯಲ್ಲಿ ಹೆಂಡತಿ ಪದ್ಮಾ ಸಿಲಿಂಡರ್ ಬುಕ್ ಮಾಡಲು ಹೇಳಿದರೂ ಅದೇ ಭಂಗಿಯಲ್ಲಿ ನಿಲ್ಲುತ್ತಿದ್ದ.

ಅವನಪ್ಪ ದಾವಣಗೆರೆ ಕಡೆಯಿಂದ ಬಂದು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಗುಮಾಸ್ತನಾಗಿದ್ದವನು. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದ ಮಗನಿಗೆ ಕನ್ನಡ ಮನೆಯಲ್ಲಿ, ಹಿಂದಿ ಬೀದಿಯಲ್ಲಿ. ಇಂಗ್ಲಿಷು ಅಗತ್ಯವಿದ್ದಷ್ಟು. ಸಂಜೆ ಕಾಲೇಜಿನಲ್ಲಿ ಕಾನೂನು ಓದಿದ. ಗಾಡ್‌ಫಾದರ್ ಇರಲಿಲ್ಲ, ಛೇಂಬರ್ ಇರಲಿಲ್ಲ. ಇದ್ದದ್ದು ಕೋರ್ಟಿನ ಅಂಗಳದ ಬೇವಿನ ಮರದ ಬುಡದಲ್ಲಿ ಒಂದು ಕಬ್ಬಿಣದ ಮೇಜು, ಮೂರು ಕುರ್ಚಿ, ಅವನ್ನು ಮರಕ್ಕೆ ಕಟ್ಟುವ ಸರಪಳಿ, ಬೀಗ. ಇಂಥದ್ದಕ್ಕೆ ಅಲ್ಲಿ ಸೀಟ್ ಅನ್ನುತ್ತಾರೆ. ದಿಲ್ಲಿಯಲ್ಲಿ ಅರ್ಧ ವಕೀಲಿಕೆ ನಡೆಯುವುದು ಇಂಥ ಸೀಟುಗಳ ಮೇಲೆ.

ನಮಗೆ ಅವನ ಪರಿಚಯವಾದದ್ದು ಲಾಕಪ್ಪಿನ ದೆಸೆಯಿಂದ. ಕರ್ನಾಟಕದ ಬಿಸಿಯೂಟದ ಹೆಂಗಸರನ್ನು ಕರೆದುಕೊಂಡು ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದೆವು. ಪೊಲೀಸರು ಬಸ್ಸಿಗೆ ತುಂಬಿದರು. ಠಾಣೆಗೆ ಕನ್ನಡ ಬಲ್ಲ ಒಬ್ಬ ವಕೀಲ ಬಂದ. ಅಳುತ್ತಿದ್ದ ಹೆಂಗಸರಿಗೆ ಅವನು ಹೇಳಿದ ಮೊದಲ ಮಾತು, “ಅಮ್ಮಾ, ಅಳಬೇಡಿ, ನಿಮ್ಮನ್ನ ಸಂಜೆಗೆ ಬಿಡ್ತಾರೆ. ಕೇಸು ಬಿಡೋದಿಲ್ಲ, ಅದು ನಿಮ್ಮ ಮೊಮ್ಮಕ್ಕಳ ತನಕ ಇರುತ್ತೆ.” ಅದು ನಿಜವಾಯಿತು. ನನ್ನ ಮೇಲಿನ ಕೇಸು ಇವತ್ತಿಗೂ ಇದೆ. ತಾರೀಖು ಬಂದಾಗಲೆಲ್ಲ ನಾನು ಆ ಬೇವಿನ ಮರದ ಕೆಳಗೆ ಕೂರುತ್ತಿದ್ದೆ.

ಹಳೆಯ ಕಾಲದಲ್ಲಿ ಪ್ರಾಕ್ಸಿಯ ಕೂಲಿ ಕೈ ಕುಲುಕುವಾಗ ಬರುತ್ತಿತ್ತು. ದೊಡ್ಡ ವಕೀಲ ಕೈ ಚಾಚುತ್ತಿದ್ದ, ಕೈ ಬಿಟ್ಟಾಗ ಅಂಗೈಯಲ್ಲಿ ಮಡಿಚಿದ ನೋಟು ಉಳಿದಿರುತ್ತಿತ್ತು. ಮೇಲೆ ಒಂದು ಚಹಾ. ಆ ದೊಡ್ಡವರ ಫೀಸು ಏರಿತು, ಗಾಡಿ ಬದಲಾಯಿತು, ಮಕ್ಕಳು ಲಂಡನ್ನಿಗೆ ಓದಲು ಹೋದರು. ಮಡಿಚಿದ ನೋಟು ಮಾತ್ರ ಬೆಳೆಯಲಿಲ್ಲ. ಆಮೇಲೆ ಕೈ ಕುಲುಕುವುದು ನಿಂತು ಫೋನಿಗೆ ದುಡ್ಡು ಬರತೊಡಗಿತು. ಫೋನಿಗೆ ಬರುವುದನ್ನು ಮುಂದಕ್ಕೆ ಹಾಕುವುದು ಸುಲಭ. ಎದುರಿಗೆ ನಿಂತವನ ಕೈಯನ್ನು ಖಾಲಿ ಬಿಡಲು ನಾಚಿಕೆಯಾಗುತ್ತದೆ, ಫೋನಿಗೆ ಯಾವ ನಾಚಿಕೆ?

ಇನ್ನೊಂದು ಕಡೆ ನೋಯ್ಡಾ, ಗಾಜಿಯಾಬಾದು, ಸೋನಿಪತ್ ಸುತ್ತಮುತ್ತ ಎದ್ದ ಲಾ ಕಾಲೇಜುಗಳು ವರ್ಷವರ್ಷ ಹೊಸಬರನ್ನು ಉಗುಳಿದವು. ವಾಟ್ಸಾಪಿನಲ್ಲಿ ಗ್ರೂಪುಗಳಾದವು. ‘ನಾಳೆ ಪ್ರಾಕ್ಸಿ ಬೇಕು, ತಾರೀಖು ತಗೊಂಡರೆ ಸಾಕು’ ಎಂದು ಒಬ್ಬ ಹಾಕುತ್ತಾನೆ. ಒಬ್ಬಳು ಇಷ್ಟಕ್ಕೆ ಬರುತ್ತೇನೆ ಅನ್ನುತ್ತಾಳೆ, ಇನ್ನೊಬ್ಬ ಅದರರ್ಧಕ್ಕೆ. ಮೂರನೆಯವನು ಅನುಭವಕ್ಕಾಗಿ ಪುಕ್ಕಟೆ ನಿಲ್ಲುತ್ತೇನೆ ಅನ್ನುತ್ತಾನೆ. ಬೆಳಿಗ್ಗೆ ಲೇಬರ್ ಚೌಕಿನಲ್ಲಿ ಕೂಲಿಗೆ ಕಾಯುವ ಗಾರೆ ಕೆಲಸದವರು ಕೂಡ ಪರಸ್ಪರ ಹೀಗೆ ಕತ್ತು ಕೊಯ್ದುಕೊಳ್ಳುವುದಿಲ್ಲ. ಅವರಿಗೆ ಒಂದು ದರವಿದೆ. ನಾನು ಇಂದುಶೇಖರನಿಗೆ ಸಂಘ ಕಟ್ಟು ಎಂದೆ.

“ಯಾರ ಸಂಘ ಕಾಮ್ರೇಡ್?” ಅಂದ. “ಪ್ರಾಕ್ಸಿಗಳದ್ದು ಅಂತ ಬೋರ್ಡ್ ಹಾಕಿದರೆ ಒಬ್ಬನೂ ಬರಲ್ಲ. ಎಲ್ಲರೂ ಇನ್ನೊಬ್ಬನನ್ನ ಪ್ರಾಕ್ಸಿ ಕಳಿಸ್ತಾರೆ.”

ಅವನನ್ನು ನಿಜವಾಗಿ ಮುಗಿಸಿದ್ದು ಪರದೆ. ಮಹಾಮಾರಿಯ ಕಾಲಕ್ಕೆ ಕೋರ್ಟು ಕಂಪ್ಯೂಟರಿಗೆ ಹೋಯಿತು, ರೋಗ ಹೋದರೂ ಪರದೆ ಹೋಗಲಿಲ್ಲ. ಇಂದುಶೇಖರ ಬಹುಕಾಲ ನಿಂತದ್ದು ಮನೋಜ್ ಎಂಬ ವಕೀಲನಿಗಾಗಿ. ಈಗ ಮನೋಜ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಫೋನಿನಲ್ಲಿ ಮುಖ ತೋರಿಸುತ್ತಾನೆ. ಬದಲಿಗೆ ನಿಲ್ಲುವವನು ಯಾಕೆ ಬೇಕು? ಒಂದು ದಿನ ಫೋನ್ ಮಾಡಿ, “ಅಂಕಲ್, ಅಬ್ ಆಪ್ ಆರಾಮ್ ಕೀಜಿಯೇ” ಅಂದ, ಇನ್ನು ವಿಶ್ರಾಂತಿ ತಗೊಳ್ಳಿ ಎಂದು. ಮೂರು ದಶಕದ ಕೆಲಸದಿಂದ ಹೀಗೆ ತೆಗೆದುಹಾಕಿದರು. ಕಾರ್ಖಾನೆಯಲ್ಲಾದರೆ ನೋಟಿಸು ಕೊಡಬೇಕು.

ಉಳಿದದ್ದು ಮರದ ಬುಡದ ಚಿಲ್ಲರೆ ಕೆಲಸ. ಬಾಡಿಗೆ ಕರಾರು, ಅಫಿಡವಿಟ್ಟು, ಜಾಮೀನಿನ ಕಾಗದ. ಗಿರಾಕಿಗಳಿಗೆ ಅವನ ಹೆಸರು ಗೊತ್ತಿಲ್ಲ, “ನೀಮ್‌ವಾಲೇ ವಕೀಲ್ ಸಾಹಬ್”, ಬೇವಿನ ಮರದ ವಕೀಲರು ಎಂದು ಕೇಳಿಕೊಂಡು ಬರುತ್ತಾರೆ. ಸೀಟು ಹೋದರೆ ಗಿರಾಕಿ ಹೋದ.

ಲಕ್ಷ್ಮೀ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಮಗಳು ಕೃತಿಯೂ ವಕೀಲೆ. ಆದರೆ ಕೋರ್ಟಿನ ಮುಖ ಕಂಡವಳಲ್ಲ. ಗುರುಗ್ರಾಮದ ಒಂದು ಕಂಪನಿಯಲ್ಲಿ ಪರದೇಶದವರ ಕರಾರು ಪತ್ರಗಳನ್ನು ಓದುವ ನೌಕರಿ. ಅಲ್ಲಿ ಆರು ನಿಮಿಷಕ್ಕೊಂದು ತುಂಡು ಮಾಡಿ ಆಯುಷ್ಯವನ್ನು ಬಿಲ್ಲಿಗೆ ಬರೆಯುತ್ತಾರೆ. ಒಂದು ಭಾನುವಾರ ನಾನು ಊಟಕ್ಕೆ ಹೋಗಿದ್ದಾಗ ಅವಳು ತಟ್ಟೆಯ ಮುಂದೆಯೇ ಹೇಳಿದಳು.

“ಅಂಕಲ್, ಮೊದಲು ಮಷೀನ್ ನನಗೆ ಹೆಲ್ಪ್ ಮಾಡ್ತಿತ್ತು. ಅಬ್ ಮೈ ಉಸ್ಕೀ ಹೆಲ್ಪರ್ ಹೂಂ. ಅದು ಓದುತ್ತೆ, ನಾನು ಟಿಕ್ ಹಾಕ್ತೀನಿ. ಕ್ಲೈಂಟ್ ಕೇಳ್ತಾನೆ, ಟಿಕ್ ಹಾಕೋಕೆ ಇಷ್ಟು ಬಿಲ್ ಯಾಕೆ ಅಂತ. ನಮ್ಮ ಟೀಮ್ ಆಧಾ ಖಾಲಿ ಆಯ್ತು.”

“ನಿನ್ನ ಕೆಲಸ ಇದೆಯಲ್ಲ?” ಎಂದಳು ಪದ್ಮಾ.

“ಇದೆ ಮಮ್ಮಿ. ಪಾಸ್ ಓವರ್ ಮೇಲೆ ಇದೆ.”

ಇಂದುಶೇಖರ ಒಬ್ಬನೇ ನಕ್ಕ. ಪದ್ಮಾ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಈ ಬೇಸಿಗೆಯಲ್ಲಿ ಅಂಗಳದ ಮೇಜುಗಳನ್ನೆಲ್ಲ ಎತ್ತಿಸುವ ನೋಟಿಸು ಅಂಟಿಸಿದರು. ಅಲ್ಲಿ ಕಂಪ್ಯೂಟರಿನಲ್ಲಿ ದಾವೆ ಹಾಕುವ ಕೇಂದ್ರ ಕಟ್ಟುತ್ತಾರಂತೆ. ಹೊಸ ಹಾಲಿನಲ್ಲಿ ಸೀಟು ಸಿಗುತ್ತದೆ, ಯಾರಿಗೆ ಎಂದರೆ ಇತ್ತೀಚಿನ ವರ್ಷಗಳ ಆದೇಶಗಳಲ್ಲಿ ಹೆಸರಿರುವ ವಕೀಲರಿಗೆ. ಇಂದುಶೇಖರ ಸಿಕ್ಕಿಬಿದ್ದದ್ದು ಅಲ್ಲೇ. ಕೋರ್ಟಿನ ಆದೇಶದಲ್ಲಿ ದೊಡ್ಡವರ ಹೆಸರಿರುತ್ತದೆ. ಬದಲಿಗೆ ನಿಂತವನ ಕುರಿತು ‘ಪ್ರಾಕ್ಸಿ ವಕೀಲರು ಹಾಜರು’ ಎಂದಷ್ಟೇ ಇರುತ್ತದೆ. ಆ ಕಟ್ಟಡದ ಒಂದೊಂದು ಕೋಣೆಯಲ್ಲೂ ದಿನಾ ಎದ್ದು ನಿಂತ ಮನುಷ್ಯ ಕಾಗದದ ಪ್ರಕಾರ ಅಲ್ಲಿಗೆ ಬಂದೇ ಇಲ್ಲ. ಅವನ ಹೆಸರಿದ್ದದ್ದು ನಮ್ಮ ಧರಣಿ ಕೇಸಿನಲ್ಲಿ ಮಾತ್ರ. ಒಂದು ಕೇಸಿಗೆ ಸೀಟು ಕೊಡುವುದಿಲ್ಲ ಎಂದು ಸೀಟು ಹಂಚುವ ಸಮಿತಿ ಬರೆದು ಕಳಿಸಿತು.

ಅವನು ಜನ್ಮದಲ್ಲಿ ಮೊದಲ ಸಲ ತನ್ನದೇ ಕೇಸು ಹಾಕಿದ. ಮೇಜು ಎತ್ತದಂತೆ ತಡೆ ಬೇಕೆಂದು ಅರ್ಜಿ. ಕೃತಿ ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸಿದಳು. ವಿಚಾರಣೆಗೆ ಬಂದ ತಾರೀಖು ಮೇಜು ಎತ್ತುವ ಹಿಂದಿನ ದಿನ. ಆವತ್ತು ತಡೆ ಸಿಕ್ಕರೆ ಸೀಟು ಉಂಟು, ಸಿಗದಿದ್ದರೆ ಇಲ್ಲ.

“ನಿನ್ನ ಕೇಸಿಗೆ ನೀನೇ ನಿಲ್ಲಬೇಡ ಮಾರಾಯ. ಬೇರೆ ವಕೀಲನ್ನ ಹಿಡಿ” ಎಂದೆ.

“ಬೇರೆಯವನನ್ನ ಹಿಡಿದರೆ ಅವನು ಬರಲ್ಲ ಕಾಮ್ರೇಡ್. ಪಾಸ್ ಓವರ್ ತಗೊಳ್ಳೋಕೆ ಯಾರನ್ನೋ ಕಳಿಸ್ತಾನೆ. ಆ ಯಾರೋ ಯಾರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಆ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಇಂದುಶೇಖರ ಕೊರಳಿಗೆ ಹೊಸ ಬಿಳಿ ಬ್ಯಾಂಡು ಕಟ್ಟಿದ್ದ. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಕಲಿತು ಬಂದು ತುಟಿಯಲ್ಲೇ ಗುನುಗುತ್ತಿದ್ದ. ಅವನಿಗಿಂತ ಮೊದಲಿನ ಕೇಸು ಮನೋಜನದ್ದು. ಗೋಡೆಯ ದೊಡ್ಡ ಪರದೆಯಲ್ಲಿ ಮನೋಜನ ಮುಖ ಬಂತು, ಹಿಂದೆ ಕಾರಿನ ಕಿಟಕಿ, ಕಿಟಕಿಯಾಚೆ ಓಡುವ ಫ್ಲೈಓವರು. ಹಾರ್ನುಗಳ ನಡುವೆ ಎರಡು ಮಾತಾಡಿ ತಾರೀಖು ತೆಗೆದುಕೊಂಡು ಮಾಯವಾದ. ಇಂದುಶೇಖರ ಆ ಪರದೆಯನ್ನೇ ನೋಡುತ್ತ ನಿಂತಿದ್ದ. ಆಗ ಅವನ ಕೇಸು ಕೂಗಿದರು.

ಅವನು ಮುಂದೆ ಹೋದ. ಕೈಗಳು ತಾವಾಗಿ ಮುಂದೆ ಕಟ್ಟಿಕೊಂಡವು. ತಲೆ ಸ್ವಲ್ಪ ತಗ್ಗಿತು. ನಾನು ಕಿವಿಯಾರೆ ಕೇಳಿದೆ.

“ಜನಾಬ್, ಪಾಸ್ ಓವರ್ ದೇ ದೀಜಿಯೇ. ವಕೀಲ್ ಸಾಹಬ್ ಬಸ್ ಪಹುಂಚ್ ರಹೇ ಹೈಂ.”

ವಕೀಲರು ಇನ್ನೇನು ಬಂದುಬಿಡುತ್ತಾರಂತೆ. ನ್ಯಾಯಾಧೀಶರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಠೀಕ್ ಹೈ, ಪಾಸ್ ಓವರ್.” ಮುಂದಿನ ಕೇಸಿನವರು ಆಗಲೇ ಮೊಣಕೈ ತಿವಿದು ಮುಂದೆ ಬಂದಿದ್ದರು.

ಹೊರಗೆ ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ. ಮುಖ ಬೆವೆತಿತ್ತು.

“ಏನೋ ಇದು? ಒಳಗೆ ಹೋಗಿ ಹೇಳು, ತಪ್ಪಾಯ್ತು ಅಂತ” ಎಂದೆ.

“ಕೇಳಿದೆ, ಕೊಟ್ಟರು. ಕೊಟ್ಟಿದ್ದನ್ನ ವಾಪಸ್ ತಗೊಳ್ಳಿ ಅಂದರೆ ಕೋರ್ಟು ಸಿಟ್ಟಾಗುತ್ತೆ. ಸಿಟ್ಟಲ್ಲಿ ಯಾರೂ ತಡೆ ಕೊಡಲ್ಲ. ಊಟ ಆದ ಮೇಲೆ ಮತ್ತೆ ಕೂಗ್ತಾರೆ ಬಿಡು.”

ಊಟವಾದ ಮೇಲೆ ನ್ಯಾಯಾಧೀಶರು ಬರಲಿಲ್ಲ. ಕಾಗದವಿಲ್ಲದ ಕೋರ್ಟು ನಡೆಸುವ ಹೊಸ ಸಾಫ್ಟ್‌ವೇರಿನ ತರಬೇತಿಗೆ ಹೋಗಿದ್ದರು. ಉಳಿದ ಕೇಸುಗಳಿಗೆಲ್ಲ ನ್ಯಾಯಾಧೀಶರ ಪೀಠದ ಕೆಳಗೆ ಕೂರುವ ಗುಮಾಸ್ತ, ಅಂದರೆ ರೀಡರ್, ತಾರೀಖು ಹಂಚುತ್ತಿದ್ದ. ಇಂದುಶೇಖರನನ್ನು ವರ್ಷಗಳಿಂದ ಬಲ್ಲವನು.

“ಆ ಗಯೇ ಆಪ್ ಕೇ ವಕೀಲ್ ಸಾಹಬ್?” ಎಂದ, ಬಂದರಾ ನಿಮ್ಮ ವಕೀಲರು ಎಂದು.

“ಮೈ ಹೀ ಹೂಂ.” ನಾನೇ ಆ ವಕೀಲ ಎಂದ ಇಂದುಶೇಖರ.

ರೀಡರ್ ಜೋರಾಗಿ ನಕ್ಕ. ಒಳ್ಳೆಯ ಜೋಕು ಎಂದುಕೊಂಡಿರಬೇಕು. ಮುಂದಿನ ತಿಂಗಳಿಗೆ ಹಾಕಿದ. ನಾಳೆಯೇ ಮೇಜು ಎತ್ತುತ್ತಾರೆ ಎಂದು ಇಂದುಶೇಖರ ಗೋಗರೆದ. ಹಾಗಾದರೆ ತುರ್ತು ಅರ್ಜಿ ಹಾಕಿ, ಆನ್‌ಲೈನ್ ಹಾಕಿ ಎಂದ ರೀಡರ್. ಹಾಕಿದೆವು. ‘ಪರಿಶೀಲನೆಯಲ್ಲಿದೆ’ ಎಂದು ಸಂಜೆಯವರೆಗೂ ಫೋನು ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಲಾರಿ ಬಂತು. ಕೂಲಿಯವರು ಬಿಹಾರದ ಕಡೆಯವರು, ಅವರ ಮೇಲೆ ಸಿಟ್ಟು ಮಾಡಿ ಏನು? ನಾನು ಇಂದುಶೇಖರನಿಗೆ ಹೇಳಿದೆ, “ಮೇಜಿನ ಮೇಲೆ ಹತ್ತಿ ಕೂತ್ಕೋ. ನಾನೂ ಕೂರ್ತೀನಿ. ಅರ್ಧ ಗಂಟೆಯಲ್ಲಿ ಜನ ಸೇರಿಸ್ತೀನಿ. ನನಗೆ ಬರೋದೇ ಅದೊಂದು.”

ಅವನು ತಲೆ ಆಡಿಸಿದ. “ಅದಕ್ಕೂ ಇದು ನಂದು ಅಂತ ಹೇಳೋಕೆ ಬಾಯಿ ಬರಬೇಕಲ್ಲ. ನಿನ್ನೆ ನೋಡಿದೆಯಲ್ಲ.”

ಸರಪಳಿ ಕತ್ತರಿಸಲು ಕೂಲಿಯವನು ಕಟರ್ ತಂದ. “ಏಕ್ ಮಿನಿಟ್ ಭಯ್ಯಾ” ಎಂದ ಇಂದುಶೇಖರ, ಜೇಬಿನಿಂದ ಕೀಲಿ ತೆಗೆದು ತಾನೇ ಬೀಗ ಬಿಚ್ಚಿಕೊಟ್ಟ. ಮೇಜಿನ ಒಂದು ಕಾಲು ಮೊದಲೇ ಕುಂಟು. ಲಾರಿಗೆ ಎಸೆದಾಗ ಇನ್ನೊಂದೂ ಬಾಗಿತು. ಬೇವಿನ ತೊಗಟೆಯಲ್ಲಿ ಸರಪಳಿ ಉಜ್ಜಿದ ಗುರುತು ಸುತ್ತಲೂ ಇತ್ತು. ಆಮೇಲೆ ಮರವನ್ನೂ ಕಡಿದರು.

ಕೆಲವು ದಿನದ ನಂತರ ಲಕ್ಷ್ಮೀ ನಗರದ ಮನೆಗೆ ಹೋಗಿದ್ದೆ. ಕೆಳಗಿನ ಕೋಚಿಂಗ್ ಸೆಂಟರಿನ ಮೈಕಿನ ಪಾಠ ನೆಲದಿಂದ ಮೇಲೆ ಬರುತ್ತಿತ್ತು. ಇಂದುಶೇಖರ ಬನಿಯನ್ನಿನಲ್ಲಿ ಕೂತಿದ್ದ. ಕರಿಕೋಟು ಬಾಗಿಲ ಹಿಂದೆ ನೇತಾಡುತ್ತಿತ್ತು. ಕೃತಿ ಲ್ಯಾಪ್‌ಟಾಪ್ ಮುಂದೆ. ಅವಳನ್ನು ಆಫೀಸಿನವರು ಮನೆಯಿಂದ ಕೆಲಸ ಮಾಡು ಅಂದಿದ್ದರು, ಅದರರ್ಥ ಎಲ್ಲರಿಗೂ ಗೊತ್ತಿತ್ತು.

“ಪಪ್ಪಾ, ನಿಮ್ಮ ಆರ್ಡರ್ ಅಪ್‌ಲೋಡ್ ಆಗಿದೆ” ಎಂದಳು.

“ಓದು.”

ಅವಳು ಓದಿದಳು. ಅರ್ಜಿದಾರರ ಪರ ಪ್ರಾಕ್ಸಿ ವಕೀಲರು ಹಾಜರು. ಪಾಸ್ ಓವರ್ ಕೋರಿದರು. ಮುಂದಿನ ತಾರೀಖಿಗೆ ಮುಂದೂಡಿದೆ. ಅಷ್ಟೇ.

“ಹೆಸರು ಹಾಕಿದಾರಾ?”

“ಇಲ್ಲ ಪಪ್ಪಾ.”

ಪದ್ಮಾ ಒಳಗಿನಿಂದಲೇ, “ಮುಂದಿನ ತಾರೀಖಿಗೆ ಹೋಗ್ತೀರಾ?” ಎಂದು ಕೇಳಿದಳು.

“ಹೋಗಿ ಏನು ಕೇಳಲಿ? ಮೇಜೇ ಇಲ್ಲ.” ನನ್ನ ಕಡೆ ತಿರುಗಿದ. “ನಿನ್ನ ಧರಣಿ ಕೇಸಿಗೆ ಬರ್ತೀನಿ. ಅದರಲ್ಲಿ ಹೆಸರಿದೆ.”

“ಎಲ್ಲಿ ಸಿಗ್ತೀಯ?” ಎಂದು ಕೇಳಿದೆ. ಇಷ್ಟು ವರ್ಷ ಬೇವಿನ ಮರದ ಬುಡ ಇತ್ತು.

“ಗೇಟಿನ ಹತ್ತಿರ ಎಲ್ಲಾದರೂ ನಿಂತಿರ್ತೀನಿ” ಎಂದ. “ಫೋನ್ ಮಾಡು.”