ಕೆಂಚಮ್ಮ ಮಾರದ ಪಿರಂಗಿ

ಬೋಳುಗುಡ್ಡದ ಹಟ್ಟಿಯ ಪಿರಂಗಿಯನ್ನು ಕಳ್ಳರು ಒಯ್ಯಲಿಲ್ಲ. ಕಾಪಾಡುತ್ತೇವೆಂದು ಮಾತು ಕೊಟ್ಟು ಲಾರಿಗೆ ಏರಿಸಿಕೊಂಡು ಹೋದ ಪ್ರಾಚ್ಯವಸ್ತು ಸಂಗ್ರಹ ಕಚೇರಿಯೇ ಅದನ್ನು ಅಂಗಳದ ಮಳೆಗೆ ಬಿಟ್ಟಿತು. ಬಳಿಕ ಮುರಿದ ಬೀರುಗಳ ಜೊತೆ ಹರಾಜಿಗಿಟ್ಟು ಕುಲುಮೆಗೆ ಕಳಿಸಿತು. ಒಯ್ದ ಅಧಿಕಾರಿಗೆ ಬಡ್ತಿ ಸಿಕ್ಕಿತು. ನಂಬಿ ಕೊಟ್ಟ ಹೆಂಗಸಿಗೆ ಕಳ್ಳಿ ಎಂಬ ಹೆಸರು ಬಂತು. ಆ ಕಚೇರಿಯಲ್ಲಿ ನಾನೂ ಕೆಲಸ ಮಾಡಿದವಳು. ಅಲ್ಲಿ ಕೂತು ಕಂಡದ್ದನ್ನು, ಅಲ್ಲಿಂದ ಹೊರಬಿದ್ದ ಮೇಲೆ ಬರೆಯುತ್ತಿದ್ದೇನೆ.

ಅದು 1973. ಇತಿಹಾಸದಲ್ಲಿ ಎಂ.ಎ. ಮುಗಿಸಿ ಸೇಲಂನ ಆ ಕಚೇರಿಗೆ ತಾತ್ಕಾಲಿಕ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ನನಗೆ ವಹಿಸಿದ ಕೆಲಸ ವಿಚಿತ್ರವಾದದ್ದು: ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಉಳಿದಿರಬಹುದಾದ ಹಡಗಿನ ಪಿರಂಗಿಗಳನ್ನು ಪತ್ತೆ ಮಾಡುವುದು. ಸಮುದ್ರವೇ ಇಲ್ಲದ ಈ ಒಣ ಸೀಮೆಗೆ ಹಡಗಿನ ಪಿರಂಗಿ ಹೇಗೆ ಬಂತೆಂದು ಓದುಗರು ಕೇಳಬಹುದು. ಕಂಪನಿಯ ಸೈನ್ಯ ಮೈಸೂರಿನ ಮೇಲೆ ಯುದ್ಧ ಹೂಡಿ ರಾಯಕೋಟೆಯ ಕಡೆಗೆ ಏರಿ ಬಂದಾಗ ಅದರ ಬಳಿ ಭಾರಿ ಪಿರಂಗಿಗಳ ಕೊರತೆಯಿತ್ತು. ಆಗ ಹಡಗುಗಳಿಂದ ಇಳಿಸಿದ, ಕರಾವಳಿಯಲ್ಲಿ ಒಡೆದ ಹಡಗುಗಳಿಂದ ಎತ್ತಿದ ಪಿರಂಗಿಗಳನ್ನು ಮರದ ಗಾಡಿಗೆ ಬಿಗಿದು, ಎತ್ತುಗಳಿಂದ ಎಳೆಸಿ ತಂದಿರಬೇಕು ಎಂಬುದು ನಮ್ಮ ಪ್ರಾಧ್ಯಾಪಕರ ಊಹೆ. ಯುದ್ಧ ಮುಂದೆ ಸಾಗಿದಾಗ ಎಳೆಯಲಾಗದವು ದಾರಿಯಲ್ಲೇ ಉಳಿದಿರಬೇಕು. ಆ ಊಹೆಯನ್ನು ನೆಲದ ಮೇಲೆ ಪರೀಕ್ಷಿಸಬೇಕಿತ್ತು.

ಹಡಗಿನ ಪಿರಂಗಿಗೆ ಒಂದು ಗುರುತುಂಟು. ಗುಂಡು ಹಾರಿದಾಗ ಪಿರಂಗಿ ಹಿಂದಕ್ಕೆ ಚಿಮ್ಮುತ್ತದೆ. ಬಯಲಿನಲ್ಲಾದರೆ ಹಿಂದೆ ಜಾಗವಿದೆ, ಹಡಗಿನ ಅಟ್ಟದ ಮೇಲೆ ಇಲ್ಲ. ಆದ್ದರಿಂದ ಅದರ ಹಿಂತುದಿಯ ಮೇಲೆ ಒಂದು ಕಬ್ಬಿಣದ ಬಳೆಯನ್ನು ಸೇರಿಸಿಯೇ ಎರಕ ಹೊಯ್ಯುವ ರೂಢಿ ಬಂತು. ಅದರೊಳಗೆ ದಪ್ಪ ಹಗ್ಗ ತೂರಿಸಿ ಹಡಗಿನ ಗೋಡೆಗೆ ಕಟ್ಟುತ್ತಿದ್ದರು. ಬಳೆಯಿದ್ದರೆ ಅದು ನೀರು ಕಂಡದ್ದು. ನನ್ನ ವಿದ್ಯೆಯೆಲ್ಲ ಆ ಒಂದು ಬಳೆಯಲ್ಲಿತ್ತು.

ಒಂಟಿ ಕೆಲಸ ಅದು. ಬೆಳಿಗ್ಗೆ ಸೇಲಂನ ಮಹಿಳಾ ಹಾಸ್ಟೆಲ್ ಬಿಟ್ಟರೆ ಸಂಜೆಯ ಕೊನೆಯ ಬಸ್ಸಿಗೆ ಮರಳುತ್ತಿದ್ದೆ. ಏನು ಉದ್ಯೋಗವೆಂದು ಕೇಳಿದ ಪಕ್ಕದ ಕೋಣೆಯ ನರ್ಸುಗಳಿಗೆ ಪಿರಂಗಿ ಹುಡುಕುತ್ತೇನೆ ಎಂದೆ. ಅವರು ನಕ್ಕರು, ಮತ್ತೆ ಕೇಳಲಿಲ್ಲ. ನಾನು ಮೆಟ್ಟೂರಿನ ಕಡೆಯ ಕನ್ನಡ ಮನೆಯವಳು. ವಾರಗಟ್ಟಲೆ ಒಂದು ಕನ್ನಡ ಮಾತು ಕಿವಿಗೆ ಬೀಳದೆ ಕಳೆಯುತ್ತಿತ್ತು. ತಾರಮಂಗಲಂ ದೇವಸ್ಥಾನದ ಹಿಂದೆ ದೊಡ್ಡ ಪಿರಂಗಿಯಿದೆ ಎಂದು ಒಬ್ಬರು ಆಣೆಯಿಟ್ಟು ಹೇಳಿದರು. ಬಿಸಿಲಲ್ಲಿ ಹೋಗಿ ನೋಡಿದರೆ ಅದು ರಸ್ತೆ ಸಮತಟ್ಟು ಮಾಡುವ ಕಲ್ಲಿನ ಉರುಳೆ. ಅದರ ನೆರಳಲ್ಲಿ ಕೂತೇ ಬುತ್ತಿ ತಿಂದು ಬಂದೆ.

ಬೋಳುಗುಡ್ಡದ ಹಟ್ಟಿಯ ಸುದ್ದಿ ಸಿಕ್ಕಿದ್ದು ಮಾರಂಡಹಳ್ಳಿಯ ಚಹಾ ಅಂಗಡಿಯಲ್ಲಿ. ಅಲ್ಲಿನ ಕುರುಬರ ಬಳಿ ಒಂದು ಪಿರಂಗಿ ಇತ್ತು, ಈಗ ಇಲ್ಲ, ಹೆಂಗಸೊಬ್ಬಳು ಮಾರಿಕೊಂಡಳು ಎಂದು ಅಂಗಡಿಯವನು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ ಹೇಳಿದ. ರಾಗಿ ಹೊಲಗಳ ನಡುವಿನ ಕಾಲುದಾರಿ ಹಿಡಿದು ಹೋದೆ. ಕೈಚೀಲ ಹಿಡಿದ ಒಂಟಿ ಹೆಣ್ಣನ್ನು ಕಂಡು ಹಟ್ಟಿಯ ಹೆಂಗಸರು ಒಳಸೇರಿ ಬಾಗಿಲು ಎಳೆದುಕೊಂಡರು. ಅದು ಕುಟುಂಬ ಯೋಜನೆಯವರು ಹಳ್ಳಿಗಳನ್ನು ಸುತ್ತುತ್ತಿದ್ದ ಕಾಲ.

ಹೊರಗೆ ಉಳಿದಿದ್ದವಳು ಒಬ್ಬಳೇ. ಹಟ್ಟಿಯ ಅಂಚಿನಲ್ಲಿ, ಕುರಿಯೊಂದನ್ನು ಮೊಣಕಾಲಿನಡಿ ಅದುಮಿ ಹಿಡಿದು, ಒಂದು ಕೈಯಿಂದ ಕತ್ತರಿ ಆಡಿಸುತ್ತಿದ್ದಳು. ಹಟ್ಟಿಯ ಉಳಿದ ಕುರಿಗಳೆಲ್ಲ ಉಣ್ಣೆ ಕತ್ತರಿಸಿಕೊಂಡು ಬೋಳಾಗಿದ್ದವು. ಇವಳವು ಮಾತ್ರ ಉಣ್ಣೆ ಜೋತು, ಮುಳ್ಳು ಸಿಕ್ಕಿ, ಬಿಸಿಲಿಗೆ ಏದುತ್ತಿದ್ದವು. ನಾನು ಹತ್ತಿರ ಹೋದಾಗಲೂ ಅವಳು ಏಳಲಿಲ್ಲ.

“ಆಪ್ರೇಷನ್‌ಗೆ ಆಳು ಇಡಿಯೋಕೆ ಬಂದಿದ್ರೆ ಮುಂದಿನ ಮನೆಗೆ ಓಗವ್ವ. ನನ್ ಗಂಡ ಮೆಟ್ಟೂರ್ ಕಾರ್ಖಾನೇಲಿ ಅವ್ನೆ, ವರ್ಸಕ್ಕೊಂದ್ ದಪ ಬತ್ತಾನೆ. ಅದೇ ನಂಗೆ ಆಪ್ರೇಷನ್ನು,” ಎಂದಳು.

ಪಿರಂಗಿಯ ವಿಷಯ ಕೇಳಲು ಬಂದೆ ಎಂದಾಗ ಕತ್ತರಿ ನಿಂತಿತು. ನನ್ನನ್ನು ಅಳೆದು ನೋಡಿ, ಹಾಗಿದ್ದರೆ ಮೊದಲು ಈ ಕುರಿಯ ಹಿಂಗಾಲು ಹಿಡಿ ಎಂದಳು. ಹಿಡಿದೆ. ಅವಳೇ ಕೆಂಚಮ್ಮ, ಚಹಾ ಅಂಗಡಿಯವನು ಹೇಳಿದ ಹೆಂಗಸು.

ಅವಳು ಹೇಳಿದ್ದು ಇಷ್ಟು. ಹಟ್ಟಿಯ ನಡುವೆ ಎರಡು ಕಲ್ಲುಗಳ ಮೇಲೆ ಪಿರಂಗಿ ಮಲಗಿತ್ತು. ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಉಣ್ಣೆ ಕತ್ತರಿಸುವ ದಿನ ಇಡೀ ಹಟ್ಟಿ ಅದರ ಸುತ್ತ ಸೇರುತ್ತಿತ್ತು. ಒಬ್ಬರ ಕುರಿಗೆ ಮತ್ತೊಬ್ಬರ ಕೈ ಬೇಕು: ಒಬ್ಬರು ಹಿಡಿಯಬೇಕು, ಒಬ್ಬರು ಕತ್ತರಿಸಬೇಕು, ಒಬ್ಬರು ಉಣ್ಣೆ ಮಡಿಸಬೇಕು. ಉಣ್ಣೆಯ ಜಿಡ್ಡು ಕೈಗೆ ಹತ್ತಿ ಕತ್ತರಿ ಜಾರತೊಡಗಿದಾಗ ಎಲ್ಲರೂ ಆ ಕೈಯನ್ನು ಪಿರಂಗಿಗೆ ಒರೆಸುತ್ತಿದ್ದರು. ತಲೆತಲಾಂತರದ ಜಿಡ್ಡು ಕುಡಿದು ಅದು ಕಪ್ಪಗೆ ಮಿಂಚುತ್ತಿತ್ತು, ತುಕ್ಕೆಂಬುದನ್ನೇ ಕಂಡಿರಲಿಲ್ಲ. ಜಿಡ್ಡಿನ ಕೈಯನ್ನು ಅದರ ಮೇಲಿಟ್ಟು ಆಡಿದ ಮಾತು ಸುಳ್ಳಾಗಬಾರದು. ಎರಡು ಮಂದೆ ಬೆರೆತು ಮರಿ ಯಾರದೆಂಬ ಜಗಳ ಬಂದರೆ ಕೈಯಿಟ್ಟು ಹೇಳಿದವರ ಮಾತೇ ಕೊನೆ. ಕೋರ್ಟು, ಪೊಲೀಸು, ಪಂಚಾಯತಿ ಯಾವುದನ್ನೂ ಹಟ್ಟಿ ಕಂಡಿರಲಿಲ್ಲ; ಬೇಕಾಗಿರಲಿಲ್ಲ.

“ಬಾಲದ ಮ್ಯಾಲೆ ಒಂದು ಬಳೆ ಇತ್ತು ಕಣವ್ವ, ಕಬ್ಬಿಣದ್ದು,” ಎಂದಳು. “ಪೊಗರು ಮಾಡೋ ತಗರ್‌ನ ಅದಕ್ಕೆ ಕಟ್ತಿದ್ವಿ.”

ಕುರಿಯ ಕಾಲು ನನ್ನ ಕೈ ತಪ್ಪಿತು. ನಾನು ಎರಡು ಜಿಲ್ಲೆ ಸುತ್ತಿ ಹುಡುಕುತ್ತಿದ್ದ ಬಳೆ ಅದು.

1971ರಲ್ಲಿ, ಉಣ್ಣೆ ಕತ್ತರಿಸುವ ದಿನವೇ, ಪ್ಯಾಂಟು ತೊಟ್ಟ ಅಧಿಕಾರಿಯೊಬ್ಬರು ಬಂದಿದ್ದರು. ಆ ವರ್ಷ ಎಲ್ಲರಿಗೂ ಊಟ ಹಾಕುವ ಸರದಿ ಕೆಂಚಮ್ಮನ ಮನೆಯದು. ಸರದಿಯವರ ಮಾತೇ ಪಿರಂಗಿಯ ವಿಷಯದಲ್ಲಿ ನಡೆಯುವುದು. ಅಧಿಕಾರಿ ಕುತೂಹಲಕ್ಕೆ ಒಂದು ಕುರಿಯ ಬೆನ್ನು ಸವರಿ, ಅಂಟಿದ ಜಿಡ್ಡನ್ನು ಉಳಿದವರಂತೆಯೇ ಪಿರಂಗಿಗೆ ಒರೆಸಿದರು. ಹಾಗೇ ಕೈಯಿಟ್ಟುಕೊಂಡು ಅವಳಿಗೆ ಹೇಳಿದರು: ಒಯ್ದು, ಶುಚಿಮಾಡಿ, ಫೋಟೋ ತೆಗೆದು, ಮುಂದಿನ ಕತ್ತರಿಯ ದಿನದೊಳಗೆ ತಂದಿಡುತ್ತೇವೆ. ಅವರಿಗೆ ಅದು ಕೈ ಒರೆಸಿಕೊಂಡದ್ದಷ್ಟೇ. ಅವಳಿಗೆ ಅದು ಆಣೆ. ದೂರದಲ್ಲಿ ಉಣ್ಣುತ್ತಿದ್ದ ಗಂಡಸರು ಕೈಯಿಟ್ಟದ್ದನ್ನು ಕಂಡರು, ಆಡಿದ ಮಾತು ಅವರಿಗೆ ಕೇಳಿಸಲಿಲ್ಲ. ಮಂದೆಗಳೆಲ್ಲ ಮೇವಿಗೆ ದೂರ ಹೋಗಿದ್ದ ದಿನಗಳಲ್ಲಿ ಲಾರಿ ಬಂತು. ಮಾತು ಆಗಿದೆಯಲ್ಲ ಎಂದು ಕೆಂಚಮ್ಮ ಎತ್ತಿಸಿ ಕೊಟ್ಟಳು.

ಮುಂದಿನ ಕತ್ತರಿಗೆ ಪಿರಂಗಿ ಬರಲಿಲ್ಲ. ಕೆಂಚಮ್ಮ ಮಾರಿಕೊಂಡಳು ಎಂದು ಹಟ್ಟಿ ತೀರ್ಮಾನಿಸಿತು. ಹಬ್ಬಕ್ಕೆ ಬಂದ ಗಂಡನೂ ದುಡ್ಡು ಎಲ್ಲಿ ಎಂದು ಕೇಳಿ ಹೋದ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಕುರಿಗೆ ಕೈ ಹಾಕುವುದನ್ನು ಬಿಟ್ಟರು, ಅಷ್ಟೇ. ಒಂಟಿ ಕೈಯಲ್ಲಿ ಮಂದೆಯ ಉಣ್ಣೆ ಕತ್ತರಿಸುವುದು ಎಂದರೇನೆಂದು ನಾನು ಆ ಮಧ್ಯಾಹ್ನ ಕಣ್ಣಾರೆ ನೋಡಿದೆ. ನಾವು ಮುಗಿಸಿದ ಕುರಿಯ ಮೈಯಲ್ಲಿ ಗಾಯಗಳಿದ್ದವು.

ಒಯ್ದವರು ನನ್ನದೇ ಕಚೇರಿಯವರೆಂದು ಲಾರಿಯ ಮೇಲಿದ್ದ ಮುದ್ರೆಯನ್ನು ಅವಳು ವರ್ಣಿಸಿದ್ದರಿಂದಲೇ ತಿಳಿದಿತ್ತು. ಅದನ್ನು ಅವಳಿಗೆ ಹೇಳಿಯೇ ಹಟ್ಟಿ ಬಿಟ್ಟೆ. “ಅಂಗಾದ್ರೆ ನೀನೇ ತಂದ್‌ಕೊಡು,” ಎಂದಳು. ಅದರಲ್ಲಿ ಕೋಪವಿರಲಿಲ್ಲ.

ಮರುದಿನ ಕಚೇರಿಯ ಅಂಗಳದ ಮೂಲೆಮೂಲೆ ಹುಡುಕಿದೆ. ಹಿತ್ತಿಲ ಗೋಡೆಯ ಬುಡದಲ್ಲಿ ಉದ್ದಕ್ಕೆ ಮಲಗಿದ ಒಂದು ಕೆಂಪು ಕಲೆ ಮಾತ್ರ ಉಳಿದಿತ್ತು. ನಾನು ಕೇಳಿದ್ದಕ್ಕೆ ಮೇಲಧಿಕಾರಿಗಳು ಕೊಟ್ಟ ಉತ್ತರ ಸರಳವಾಗಿತ್ತು: ಅದು ಯಾವನೋ ಪಾಳೆಯಗಾರನ ಸಾಮಾನ್ಯ ಬಯಲು ಪಿರಂಗಿ, ತುಕ್ಕು ಹಿಡಿದಿತ್ತು, ಸಂಗ್ರಹಕ್ಕೆ ಅನರ್ಹ. ಹಿಂತುದಿಯ ಬಳೆ ನೋಡಿದಿರಾ ಎಂದೆ. ಯಾವ ಬಳೆ ಎಂದರು. ತುಕ್ಕು ಹಟ್ಟಿಯಲ್ಲಿ ಹಿಡಿದದ್ದಲ್ಲ, ನಮ್ಮ ಅಂಗಳದ ಎರಡು ಮಳೆಗಾಲದಲ್ಲಿ ಹಿಡಿದದ್ದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪಳೈಯ ಇರುಂಬು ಅಮ್ಮಾ ಅದು, ಹಳೆ ಕಬ್ಬಿಣ. ಅದಕ್ಕೆ ತಿಥಿ ಮಾಡಬೇಕಾ?”

ಪಕ್ಕದ ಮೇಜುಗಳವರು ನಕ್ಕರು. ಅಂದಿನಿಂದ ಊಟದ ಹೊತ್ತಿನಲ್ಲಿ ನನ್ನ ಜೊತೆ ಕೂರುವವರು ಇಲ್ಲವಾದರು.

ಹರಾಜಿನ ಮಾಲು ಮೆಟ್ಟೂರು ದಾರಿಯ ಒಂದು ಎರಕದ ಕುಲುಮೆಗೆ ಹೋಯಿತೆಂದು ಕಾವಲುಗಾರ ಹೇಳಿದ. ಮೂರು ತಿಂಗಳ ಹಿಂದೆಯಷ್ಟೇ, ನಾನು ಕೆಲಸಕ್ಕೆ ಸೇರುವ ಮೊದಲು. ಕುಲುಮೆಯವರಿಗೆ ಅದು ನೆನಪಿತ್ತು, ಸುಲಭವಾಗಿ ಒಡೆಯಲಿಲ್ಲವಾದ್ದರಿಂದ. ಮೂರು ಕಾಲಿನ ಕಂಬದಿಂದ ಭಾರಿ ಕಬ್ಬಿಣದ ಗುಂಡನ್ನು ಮತ್ತೆಮತ್ತೆ ಬೀಳಿಸಿ ಚೂರು ಮಾಡಿದ್ದರು. ಮೊದಲು ಮುರಿದದ್ದು ಬಳೆ. ಚೂರುಗಳು ಒಲೆಗೆ ಬಿದ್ದಾಗ ಕುರಿ ಸುಟ್ಟಂತೆ ವಾಸನೆ ಎದ್ದು, ಒಳಗೆ ಏನೋ ಸತ್ತಿದೆ ಎಂದು ಕೆಲಸದವರು ಹೆದರಿ ಕರ್ಪೂರ ಹಚ್ಚಿದ್ದರಂತೆ. ಆ ಕಬ್ಬಿಣ ಚರಂಡಿ ಮುಚ್ಚಳಗಳಾಗಿ ಯಾವ ಯಾವ ಊರಿಗೋ ಹೋಗಿತ್ತು. ಅಂಗಳದಲ್ಲಿ ಬೂದಿ, ಮರಳಿನ ಅಚ್ಚು ಬಿಟ್ಟು ಏನೂ ಇರಲಿಲ್ಲ. ಹಿಂದಿರುಗುವಾಗ ಬಸ್ಸು ಹತ್ತದೆ ಬಹಳ ದೂರ ನಡೆದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮತ್ತೆ ಹಟ್ಟಿಗೆ ಹೋದೆ. ಕೆಂಚಮ್ಮ ಪೂರ್ತಿ ಕೇಳಿಸಿಕೊಂಡು, ತನಗೆ ಹೇಳಿ ಪ್ರಯೋಜನವಿಲ್ಲ, ಅವರಿಗೆ ಹೇಳು ಎಂದಳು. ಸಂಜೆ ಮಂದೆಗಳು ಮರಳಿದ ಮೇಲೆ ಆ ಎರಡು ಕಲ್ಲುಗಳ ಬಳಿ ಗಂಡಸರನ್ನು ಸೇರಿಸಿ ಎಲ್ಲವನ್ನೂ ಹೇಳಿದೆ. ಅವಳು ದೂರದಲ್ಲಿ, ತನ್ನ ಬೇಲಿಯ ಬಳಿಯೇ ನಿಂತಿದ್ದಳು. ಹಿರಿಯನಾದ ಬೀರಣ್ಣ ಕಂಬಳಿ ಸರಿಪಡಿಸಿಕೊಂಡು ಮಾತನಾಡಿದ.

“ನೀನು ಸುಳ್ಳು ಯೋಳ್ತೀಯ ಅನ್ನಾಕಿಲ್ಲ ತಾಯಿ. ಆದ್ರೆ ಯಾವುದರ ಮ್ಯಾಲೆ ಕೈ ಮಡಗಿ ಯೋಳ್ತೀಯ?”

ವಿಶ್ವವಿದ್ಯಾನಿಲಯದ ಪದವಿಯ ಮೇಲೆ ಕೈಯಿಡಲೇ? ಆ ಹಟ್ಟಿಯಲ್ಲಿ ಸತ್ಯ ಹೇಳಲು ಇದ್ದದ್ದು ಒಂದೇ ಜಾಗ, ಅದನ್ನು ನನ್ನ ಕಚೇರಿ ಕರಗಿಸಿತ್ತು. ಕೆಂಚಮ್ಮ ತಾನು ಮಾರಲಿಲ್ಲವೆಂದು ಸಾಧಿಸಬೇಕಾಗಿದ್ದದ್ದೂ ಆ ಪಿರಂಗಿಯ ಮೇಲೆಯೇ. ನನ್ನ ಸಂಕಟ ಕಂಡೋ ಏನೋ ಬೀರಣ್ಣ ಮುಂದುವರಿಸಿದ:

“ಆ ಆಪೀಸರು ಕೈ ಮಡಗಿದ್ದನ್ನ ನಾವೆಲ್ಲಾ ಕಂಡೀವಿ. ಅವನ ಮಾತು ಮಾತ್ರ ಇನ್ನೂ ಪಿರಂಗಿ ಮ್ಯಾಲೇ ಐತೆ. ಅವನು ಬಂದು ಯೋಳ್ಲಿ, ಮುಗೀತು. ನಾಳೆನೇ ಓಗಿ ಅವಳ ಕುರಿ ಇಡೀತೀವಿ.”

ಸೇಲಂಗೆ ಮರಳಿ ಇದನ್ನೇ ಕೋರಿದೆ. ಮೊದಲು ಬಾಯಲ್ಲಿ, ಆಮೇಲೆ ಬರಹದಲ್ಲಿ. ಅಧಿಕಾರಿ ವರ್ಗವಾಗಿ ಹೋಗಿದ್ದಾರೆ ಎಂದರು, ಕುರುಬರ ಹಟ್ಟಿಗೆ ಹೋಗಿ ಕ್ಷಮೆ ಕೇಳುವುದು ಇಲಾಖೆಯ ಘನತೆಗೆ ತಕ್ಕುದಲ್ಲ ಎಂದರು. ಕೊನೆಗೆ ಏನೂ ಅನ್ನಲಿಲ್ಲ. ನನ್ನ ನೇಮಕವನ್ನು ಮುಂದುವರಿಸಲಿಲ್ಲ. ಅನಂತರದ ವರ್ಷಗಳಲ್ಲಿಯೂ ನಾನು ಬರೆಯುವುದನ್ನು ಬಿಟ್ಟಿಲ್ಲ, ಅವರು ಸುಮ್ಮನಿರುವುದನ್ನು ಬಿಟ್ಟಿಲ್ಲ. ಈಗ, 1978ರಲ್ಲಿ, ಮತ್ತೊಮ್ಮೆ ಹೋಗಿ ನೋಡಿ ಬಂದೆ. ಕೆಂಚಮ್ಮ ಕುರಿಗಳನ್ನು ಒಂದೊಂದಾಗಿ ಬಿಟ್ಟು ಮೇಕೆ ಕಟ್ಟಿದ್ದಾಳೆ. ಮೇಕೆಗೆ ಉಣ್ಣೆಯಿಲ್ಲ, ಯಾರ ಕೈಯೂ ಬೇಡ. ಕುರಿಮಂದೆಯಿಲ್ಲದ ಮನೆ ಆ ಹಟ್ಟಿಯಲ್ಲಿ ಬೇರೊಂದಿಲ್ಲ. ಎರಡು ಕುರಿಗಳನ್ನು ಮಾತ್ರ ಇನ್ನೂ ಉಳಿಸಿಕೊಂಡಿದ್ದಾಳೆ. ಹಟ್ಟಿಯವರು ಹಿಡಿಯಲು ಬರುವ ದಿನಕ್ಕೆಂದಿರಬೇಕು.

ಆ ಉದ್ಯೋಗ ನನಗೆ ಕಲಿಸಿದ್ದು ಇದು: ಒಂದು ವಸ್ತು ಯಾವ ಯುದ್ಧದ್ದು, ಯಾವ ಹಡಗಿನದು ಎಂದು ಕೇಳುವ ಮೊದಲು, ಅದು ಈಗ ಯಾರ ಬಾಳನ್ನು ಹೊತ್ತು ನಿಂತಿದೆ ಎಂದು ಕೇಳಬೇಕು. ಆ ಪಿರಂಗಿ ಯುದ್ಧ ಮಾಡಿದ್ದು ಎಲ್ಲೋ ಕೆಲವು ದಿನ. ಜಗಳ ಬಿಡಿಸಿದ್ದು ತಲೆಮಾರುಗಳ ಕಾಲ. ನಮ್ಮ ಶಾಸ್ತ್ರಕ್ಕೆ ಮೊದಲನೆಯದಷ್ಟೇ ಇತಿಹಾಸ. ಅದನ್ನೂ ನೆಟ್ಟಗೆ ನೋಡಲಿಲ್ಲ.

ಆದ್ದರಿಂದ ಪ್ರಾಚ್ಯವಸ್ತು ಸಂಗ್ರಹ ಕಚೇರಿಯ ಮುಖ್ಯಾಧಿಕಾರಿಗಳಲ್ಲಿ ನನ್ನ ವಿಧಿವತ್ತಾದ ಕೋರಿಕೆ. ಕಳೆದ ಪಿರಂಗಿಯನ್ನು ತಾವು ಮರಳಿ ಕೊಡಲಾರಿರಿ; ಅದನ್ನು ಕೇಳುತ್ತಿಲ್ಲ. ಅದನ್ನು ನೋಡದೆಯೇ ಅನರ್ಹವೆಂದು ತೀರ್ಮಾನಿಸಿದವರು ಯಾರು, ಏಕೆ ಎಂಬುದಕ್ಕೆ ಬಹಿರಂಗವಾಗಿ ಉತ್ತರಿಸಬೇಕು. ಎರಡು ಜಿಲ್ಲೆಗಳಲ್ಲಿ ಇನ್ನೂ ಉಳಿದಿರುವ ಪಿರಂಗಿಗಳಲ್ಲಿ ಒಂದನ್ನೂ, ಊರಿನ ಎಲ್ಲರ ಎದುರು ಮಾತಾಗದೆ, ಇದ್ದಲ್ಲಿಂದ ಅಲುಗಿಸಬಾರದು. ಎಲ್ಲಕ್ಕಿಂತ ಮೊದಲು, ಅಂದು ಪಿರಂಗಿಯ ಮೇಲೆ ಕೈಯಿಟ್ಟ ಅಧಿಕಾರಿಯನ್ನು, ಈಗ ಯಾವ ಹುದ್ದೆಯಲ್ಲಿದ್ದರೂ ಸರಿ, ಬರುವ ಕತ್ತರಿಯ ದಿನ ಬೋಳುಗುಡ್ಡದ ಹಟ್ಟಿಗೆ ಕಳಿಸಿಕೊಡಬೇಕು. ಕೆಂಚಮ್ಮ ಮಾರಲಿಲ್ಲ, ನನ್ನ ಮಾತು ನಂಬಿ ಕೊಟ್ಟಳು ಎಂದು ಅವರು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಬೇಕು. ಪತ್ರ ಬರೆಯುವುದು ಬೇಡ, ಅವಳಿಗೆ ಓದು ಬಾರದು. ಬಂದು ಹೇಳಲಿ.